ಮಗುವಿನ ಕಾರ್ ಸೀಟು: ಮುಖ ಯಾವ ಕಡೆಗೆ, ಎಲ್ಲಿಯವರೆಗೆ?

ಪ್ರಶ್ನೆ: ಮಗನಿಗೆ ಈಗ ಒಂದೂವರೆ ವರ್ಷ. ತೂಕ 11.5 ಕೆ.ಜಿ., ಎತ್ತರ 82 ಸೆಂ.ಮೀ. ಹುಟ್ಟಿದಾಗ ತಂದ ಬುಟ್ಟಿಯಂಥ ಸೀಟು ಚಿಕ್ಕದಾಗಿದೆ. ಅದರಲ್ಲಿ ಕೂರಿಸಿದರೆ ಕಾಲು ಕಾರಿನ ಸೀಟಿನ ಬೆನ್ನಿಗೆ ತಾಗಿ ಮಡಚಿಕೊಳ್ಳುತ್ತದೆ. ಇನ್ನು ಮುಂದಕ್ಕೆ ಮುಖ ಮಾಡಿ ಕೂರಿಸಬಹುದು ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ. ಸರಿಯೇ?

ಉತ್ತರ: ಸೀಟು ದೊಡ್ಡದು ತನ್ನಿ. ಮುಖ ಮಾತ್ರ ಹಿಂದಕ್ಕೇ ಇರಲಿ.

ಕಾರು ಮುಂದಿನಿಂದ ಗುದ್ದಿದಾಗ ಮುಮ್ಮುಖ ಸೀಟಿನ ಬೆಲ್ಟು ಮಗುವಿನ ಭುಜ, ಸೊಂಟಗಳನ್ನು ಹಿಡಿದು ನಿಲ್ಲಿಸುತ್ತದೆ. ತಲೆಯನ್ನು ಹಿಡಿಯುವವರು ಯಾರೂ ಇಲ್ಲ. ಅದು ಮುಂದಕ್ಕೆ ಎಸೆದಂತೆ ಹೋಗುತ್ತದೆ, ಅಷ್ಟೂ ಭಾರ ಕುತ್ತಿಗೆಯ ಮೇಲೆ. ದೊಡ್ಡವರ ತಲೆ ಮೈಯುದ್ದದ ಏಳು-ಎಂಟನೇ ಒಂದು ಭಾಗವಾದರೆ, ಎರಡು ವರ್ಷದ ಮಗುವಿನದು ಸುಮಾರು ಐದನೇ ಒಂದು ಭಾಗ. ಕುತ್ತಿಗೆಯ ಮೂಳೆಗಳಲ್ಲಿ ಇನ್ನೂ ಬಹಳಷ್ಟು ಮೃದ್ವಸ್ಥಿಯೇ. ಹಿಮ್ಮುಖ ಸೀಟಿನಲ್ಲಾದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ತಿಕೊಳ್ಳುತ್ತವೆ, ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಗಗನಯಾತ್ರಿಗಳು ರಾಕೆಟ್‌ನ ತಳ್ಳುವಿಕೆಗೆ ಬೆನ್ನೊಡ್ಡಿ ಮಲಗುವುದನ್ನು ನೋಡಿಯೇ ಸ್ವೀಡನ್ನಿನ ರಸ್ತೆ ಸುರಕ್ಷತಾ ಸಂಶೋಧಕ ಬರ್ಟಿಲ್ ಆಲ್ಡ್‌ಮನ್ ಇಂಥ ಸೀಟನ್ನು ಯೋಚಿಸಿದ್ದು. 1964ರಲ್ಲಿ ವೋಲ್ವೊ ಕಾರಿನಲ್ಲಿ ಅದರ ಮೊದಲ ಮಾದರಿಯ ಪರೀಕ್ಷೆ ನಡೆಯಿತು.

ಕಾಲಿನ ಚಿಂತೆ ಬಿಡಿ. ಈ ವಯಸ್ಸಿನ ಮಕ್ಕಳು ಚಕ್ಕಳಮಕ್ಕಳ ಹಾಕಿಯೋ, ಕಾಲನ್ನು ಸೀಟಿನ ಬೆನ್ನಿಗೆ ಚಾಚಿಯೋ ಆರಾಮಾಗಿ ಕೂರುತ್ತಾರೆ. ನಿಜ ಹೇಳಬೇಕೆಂದರೆ ಕಾಲಿಗೆ ಪೆಟ್ಟಾಗುವುದು ಮುಮ್ಮುಖ ಸೀಟಿನಲ್ಲೇ ಹೆಚ್ಚು, ಕಾಲು ಮುಂದಕ್ಕೆ ಚಿಮ್ಮಿ ಎದುರಿನ ಸೀಟಿಗೆ ಬಡಿಯುವುದರಿಂದ. ಸೀಟು ಚಿಕ್ಕದಾಯಿತು ಎನ್ನಲು ಎರಡೇ ಗುರುತು: ಸೀಟಿಗೆ ಬರೆದಿರುವ ಹಿಮ್ಮುಖ ಮಿತಿಯನ್ನು ಮಗುವಿನ ತೂಕ ಅಥವಾ ಎತ್ತರ ದಾಟಿರಬೇಕು, ಇಲ್ಲವೇ ತಲೆ ಚಿಪ್ಪಿನ ಮೇಲಂಚಿನ ಹತ್ತಿರ ಬಂದಿರಬೇಕು (ಹಲವು ಸೀಟುಗಳಲ್ಲಿ ತಲೆಯ ಮೇಲೆ 2.5 ಸೆಂ.ಮೀ. ಚಿಪ್ಪು ಉಳಿದಿರಬೇಕೆಂಬ ನಿಯಮವಿದೆ). ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಮಕ್ಕಳ ಕಾರ್ ಸೀಟುಗಳಿಗೆ ವಿಶ್ವಸಂಸ್ಥೆ ಮಾಡಿದ ಆರ್129 ಎಂಬ ನಿಯಮ 15 ತಿಂಗಳಿಗೆ ಮೊದಲು ಮುಮ್ಮುಖ ಬೇಡ ಎನ್ನುತ್ತದೆ. ಅದನ್ನು ಓದಿ '15 ತಿಂಗಳಾದ ಕೂಡಲೇ ತಿರುಗಿಸಿ' ಎಂದು ಅರ್ಥ ಮಾಡಿಕೊಳ್ಳುವವರೇ ಹೆಚ್ಚು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಹಿಮ್ಮುಖವೇ ರೂಢಿ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಕೂಡ 2018ರಲ್ಲಿ 'ಎರಡು ವರ್ಷ' ಎಂಬ ಗೆರೆಯನ್ನು ತೆಗೆದುಹಾಕಿ, ಸೀಟಿನ ಮಿತಿ ಮುಗಿಯುವವರೆಗೂ ಹಿಮ್ಮುಖವಾಗಿಯೇ ಕೂರಿಸಿ ಎಂದಿತು.

ಪ್ರಶ್ನೆ: ಪೆಟ್ಟಿಗೆಯ ಮೇಲೆ '0–18 ಕೆ.ಜಿ.' ಎಂದು ಬರೆದ ಸೀಟು ನೋಡಿದೆವು. ಇದನ್ನು ತಂದರೆ ನಾಲ್ಕು ವರ್ಷದವರೆಗೂ ಹಿಮ್ಮುಖವಾಗಿ ಬಳಸಬಹುದಲ್ಲವೇ?

ಉತ್ತರ: ಅಲ್ಲ, ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಆರ್44 ಎಂಬ ಹಳೆಯ ನಿಯಮದ ಇಂಥ ಅನೇಕ ಸೀಟುಗಳು ಹಿಮ್ಮುಖವಾಗಿ 13 ಕೆ.ಜಿ.ವರೆಗೆ ಮಾತ್ರ, ಮಿಕ್ಕ 5 ಕೆ.ಜಿ. ಮುಮ್ಮುಖದ ಲೆಕ್ಕ. ಎರಡು ವರ್ಷದ ಆಸುಪಾಸಿನಲ್ಲಿ ಮಗು ವರ್ಷಕ್ಕೆ ಸುಮಾರು 2 ಕೆ.ಜಿ. ತೂಗುತ್ತಾ ಹೋಗುತ್ತದೆ. ಹನ್ನೊಂದು-ಹನ್ನೆರಡು ಕೆ.ಜಿ.ಯ ಮಗುವಿಗೆ ಈ ಸೀಟು ತಂದರೆ ಆರು ತಿಂಗಳಿಂದ ಒಂದು ವರ್ಷದಲ್ಲೇ ಹಿಮ್ಮುಖದ ಬಳಕೆ ಮುಗಿಯುತ್ತದೆ. ಪೆಟ್ಟಿಗೆಯ ದೊಡ್ಡ ಅಂಕಿ ಬಿಡಿ. ಸೀಟಿಗೇ ಅಂಟಿಸಿದ ಲೇಬಲ್‌ನಲ್ಲಿ, ಕೈಪಿಡಿಯಲ್ಲಿ ಹಿಮ್ಮುಖಕ್ಕೆಂದು ಪ್ರತ್ಯೇಕವಾಗಿ ಕೊಟ್ಟ ಮಿತಿ ನೋಡಿ. ಆರ್129 ಸೀಟಾದರೆ ಮಿತಿ ಸೆಂಟಿಮೀಟರಿನಲ್ಲಿರುತ್ತದೆ. ಹಿಮ್ಮುಖವಾಗಿಯೇ 105 ಸೆಂ.ಮೀ.ವರೆಗೆ ಎಂದಿದ್ದರೆ ಅನೇಕ ಮಕ್ಕಳಿಗೆ ನಾಲ್ಕು ವರ್ಷದ ತನಕ ಸಾಕಾಗುತ್ತದೆ. ಸ್ವೀಡನ್ನಿನ 'ಪ್ಲಸ್ ಟೆಸ್ಟ್' ಗುರುತಿದ್ದರೆ ಇನ್ನೂ ಒಳ್ಳೆಯದು: ಅಲ್ಲಿ ಕುತ್ತಿಗೆಯ ಮೇಲೆ ಬೀಳುವ ಒತ್ತಡವನ್ನೇ ಅಳೆಯುತ್ತಾರೆ.

ಕೊಳ್ಳುವ ಮೊದಲು ಮಗುವನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂರಿಸಿ, ನೆಲದಿಂದ ಭುಜದವರೆಗೆ ಅಳೆದಿಟ್ಟುಕೊಳ್ಳಿ. ನಿಂತ ಎತ್ತರ ಒಂದೇ ಇರುವ ಇಬ್ಬರು ಮಕ್ಕಳಲ್ಲಿ ಒಬ್ಬರ ಮುಂಡ ಉದ್ದ, ಇನ್ನೊಬ್ಬರ ಕಾಲು ಉದ್ದ ಇರಬಹುದು. ಮುಂಡ ಉದ್ದ ಇರುವ ಮಗುವಿಗೆ ಸೀಟು ಬೇಗ ಚಿಕ್ಕದಾಗುತ್ತದೆ. ಸಾಧ್ಯವಾದರೆ ಸೀಟನ್ನು ನಿಮ್ಮ ಕಾರಿನಲ್ಲೇ ಕೂರಿಸಿ ನೋಡಿ. ದೊಡ್ಡ ಹಿಮ್ಮುಖ ಸೀಟು ಮುಂದಿನವರ ಜಾಗವನ್ನು ಚೆನ್ನಾಗಿಯೇ ತಿನ್ನುತ್ತದೆ. ತಲೆ, ಕುತ್ತಿಗೆ ಗಟ್ಟಿಯಾದ ಮಗುವಿಗೆ ನವಜಾತ ಶಿಶುವಿನಂತೆ 45 ಡಿಗ್ರಿ ಒರಗಿಸಬೇಕಿಲ್ಲ. ಕೈಪಿಡಿ ಒಪ್ಪುವಷ್ಟು ನೆಟ್ಟಗೆ ಮಾಡಿದರೆ ಮುಂದೆ ಒಂದಿಷ್ಟು ಜಾಗ ಸಿಗುತ್ತದೆ. ಕೋನ ನೋಡುವಾಗ ಕಾರು ಸಮತಟ್ಟಾದ ನೆಲದ ಮೇಲಿರಲಿ.

ಪ್ರಶ್ನೆ: ಐಸೋಫಿಕ್ಸ್ (ಕಾರಿನ ಸೀಟಿನೊಳಗಿನ ಲೋಹದ ಕೊಂಡಿಗಳಿಗೆ ಮಗುವಿನ ಸೀಟನ್ನು ನೇರವಾಗಿ ಸಿಕ್ಕಿಸುವ ವ್ಯವಸ್ಥೆ) ಒಳ್ಳೆಯದೋ, ಕಾರಿನ ಬೆಲ್ಟೋ? ಬೆಲ್ಟಿನಲ್ಲಿ ಕಟ್ಟಿದ ನಮ್ಮ ಸೀಟು ಎಷ್ಟು ಬಿಗಿದರೂ ಅಲ್ಲಾಡುತ್ತದೆ.

ಉತ್ತರ: ಸರಿಯಾಗಿ ಕೂರಿಸಿದರೆ ಎರಡೂ ಒಳ್ಳೆಯವೇ. ಐಸೋಫಿಕ್ಸ್‌ನಲ್ಲಿ ತಪ್ಪು ಮಾಡುವ ಅವಕಾಶ ಕಡಿಮೆ, ಅಷ್ಟೇ. ಆದರೆ ಅದಕ್ಕೂ ಮಿತಿಯಿದೆ: ಆರ್129ರಲ್ಲಿ ಸೀಟು, ಮಗು ಸೇರಿ 33 ಕೆ.ಜಿ. ಸೀಟೇ 14 ಕೆ.ಜಿ. ಇದ್ದರೆ ಮಗುವಿಗೆ ಉಳಿಯುವುದು 19. ಕೈಪಿಡಿ ಹೇಳದೆ ಐಸೋಫಿಕ್ಸ್, ಬೆಲ್ಟು ಎರಡನ್ನೂ ಒಟ್ಟಿಗೆ ಹಾಕಬೇಡಿ. ಮುಂದೆ ನೆಲಕ್ಕೂರುವ ಸಪೋರ್ಟ್ ಲೆಗ್ ಇದ್ದರೆ ಅದು ಗಟ್ಟಿ ನೆಲದ ಮೇಲೆ ನಿಂತಿರಬೇಕು. ಕೆಲವು ಕಾರುಗಳಲ್ಲಿ ಕಾಲಿಡುವ ಜಾಗದ ಕೆಳಗೆ ಸಾಮಾನಿಡುವ ಪೆಟ್ಟಿಗೆ ಇರುತ್ತದೆ. ಅದರ ಮುಚ್ಚಳದ ಮೇಲೆ ಕಾಲು ಊರಿದರೆ ಅಪಘಾತದಲ್ಲಿ ಮುಚ್ಚಳ ಕುಸಿಯಬಹುದು. ಹಾಗಿದ್ದರೆ ಕಾರಿನ ಕೈಪಿಡಿ ಏನು ಹೇಳುತ್ತದೆ ನೋಡದೆ ಮುಂದುವರಿಯಬೇಡಿ.

ಇನ್ನು ಅಲ್ಲಾಟ. ನೀವು ಹಿಡಿದು ನೋಡುತ್ತಿರುವುದು ಎಲ್ಲಿ? ಮಗುವಿನ ತಲೆಯ ಕಡೆ ಹಿಡಿದರೆ ಯಾವ ಹಿಮ್ಮುಖ ಸೀಟೂ ಅಲ್ಲಾಡುತ್ತದೆ. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಎಡಬಲಕ್ಕೆ, ಹಿಂದೆ ಮುಂದೆ ಎಳೆಯಿರಿ, 2.5 ಸೆಂ.ಮೀ.ಗಿಂತ ಕಡಿಮೆ ಸರಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಮೊದಲು ಬೆಲ್ಟಿನ ದಾರಿ ಪರೀಕ್ಷಿಸಿ: ಯುರೋಪಿನ ಸೀಟುಗಳಲ್ಲಿ ನೀಲಿ ಗುರುತು ಹಿಮ್ಮುಖಕ್ಕೆ, ಕೆಂಪು ಮುಮ್ಮುಖಕ್ಕೆ. ದಾರಿ ಸರಿಯಿದ್ದರೆ ಒಂದು ಕೈಯಿಂದ ಸೀಟನ್ನು ಅದುಮಿ ಹಿಡಿದು, ಮೊದಲು ಸೊಂಟದ ಬೆಲ್ಟಿನ ಸಡಿಲ ತೆಗೆದು, ಆಮೇಲೆ ಭುಜದ ಬೆಲ್ಟು ಎಳೆಯಿರಿ. ಕಾರಿನ ಬಕಲ್ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಬಾಗಿ ಕೂತಿದ್ದರೆ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಬಕಲ್ ಮುರಿಯುವ, ಕಳಚುವ ಅಪಾಯವೂ ಇದೆ. ಆಗ ಹಿಂದಿನ ಇನ್ನೊಂದು ಜಾಗಕ್ಕೆ ಬದಲಿಸಿ, ಅಲ್ಲೂ ಹೀಗೇ ಆದರೆ ಆ ಸೀಟು ಆ ಕಾರಿಗೆ ಆಗುವುದಿಲ್ಲ.

ಪ್ರಶ್ನೆ: ಮಗುವಿನ ಹಿಮ್ಮುಖ ಸೀಟನ್ನು ಕಾರಿನ ಮುಂದಿನ ಸೀಟಿನಲ್ಲಿ ಇಟ್ಟರೆ ಮಗು ಕಣ್ಣೆದುರಿಗೇ ಇರುತ್ತದೆ. ಇಡಬಹುದೇ?

ಉತ್ತರ: ಏರ್‌ಬ್ಯಾಗ್ ಚಾಲೂ ಇದ್ದರೆ ಖಂಡಿತ ಬೇಡ. ಅದು ಬಿಚ್ಚಿಕೊಂಡಾಗ ಚಿಪ್ಪಿನ ಬೆನ್ನಿಗೇ ಬಡಿದು ಮಗುವಿನ ಪ್ರಾಣ ತೆಗೆಯಬಹುದು.

ಪ್ರಶ್ನೆ: ಮಗಳು ಸೀಟಿನ ಬೆಲ್ಟಿನೊಳಗಿಂದ ಕೈ ಹೊರಗೆಳೆದುಕೊಳ್ಳುತ್ತಾಳೆ. ಬಿಗಿ ಮಾಡಿದರೆ ಅಳು. ಎಷ್ಟು ಬಿಗಿ ಸರಿ?

ಉತ್ತರ: ಭುಜದ ಮೂಳೆಯ ಹತ್ತಿರ ಬೆಲ್ಟನ್ನು ಬೆರಳಿನಿಂದ ಉದ್ದಕ್ಕೆ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಸಡಿಲ, ಬೆರಳು ಜಾರಿದರೆ ಸರಿ. ಕೈ ಹೊರಬರುತ್ತಿದೆ ಎಂದರೆ ಬಹುಮಟ್ಟಿಗೆ ಸಡಿಲವೇ ಕಾರಣ. ಬಕಲ್ ಹಾಕಿದ ಮೇಲೆ ಮೊದಲು ತೊಡೆಯ ಮೇಲಿನ ಸಡಿಲವನ್ನು ಭುಜದ ಕಡೆಗೆ ಎಳೆದು, ಆಮೇಲೆ ಮುಂದಿನ ಪಟ್ಟಿ ಎಳೆಯಿರಿ. ಬರೀ ಪಟ್ಟಿ ಎಳೆದರೆ ಸೊಂಟದ ಸಡಿಲ ಹಾಗೇ ಉಳಿಯುತ್ತದೆ. ಹಿಮ್ಮುಖದಲ್ಲಿ ಬೆಲ್ಟು ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಹೊರಡಬೇಕು, ಮೇಲಿನಿಂದಲ್ಲ. ದಪ್ಪ ಜಾಕೆಟ್ ತೆಗೆದು ಕೂರಿಸಿ: ಅದರ ಹತ್ತಿ ಅಪಘಾತದಲ್ಲಿ ಅದುಮಿಹೋಗಿ ಬೆಲ್ಟು ಒಮ್ಮೆಗೇ ಸಡಿಲವಾಗುತ್ತದೆ. ಚಳಿಯಾದರೆ ಬೆಲ್ಟು ಹಾಕಿದ ಮೇಲೆ ಹೊದಿಕೆ ಹೊದೆಸಿ. ಕೈ ತೆಗೆಯದಂತೆ ಎದೆಗೆ ಹಾಕುವ ಬಿಡಿ ಕ್ಲಿಪ್ಪುಗಳು ಮಾರಾಟಕ್ಕಿವೆ. ಆ ಸೀಟಿನ ಜತೆ ಪರೀಕ್ಷೆಯಾಗದ ಯಾವುದನ್ನೂ ಸೇರಿಸಬೇಡಿ.

ಪ್ರಶ್ನೆ: ಪರಿಚಿತರು ಬಳಸಿದ ಸೀಟು ಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಅಪಘಾತವಾದ ಕಾರಿನಲ್ಲಿ ಇರಲಿಲ್ಲ ಎಂದು ಅವರು ನಂಬಿಕೆಯಿಂದ ಹೇಳುವಂತಿದ್ದರೆ, ಲೇಬಲ್ ಮತ್ತು ಕೈಪಿಡಿ ಇದ್ದರೆ, ತಯಾರಕರು ಕೊಟ್ಟ ಅವಧಿ ಮುಗಿದಿಲ್ಲದಿದ್ದರೆ ತೆಗೆದುಕೊಳ್ಳಿ. ಬಟ್ಟೆ ತೆಗೆದು ಚಿಪ್ಪಿನಲ್ಲಿ ಬಿರುಕಿದೆಯೇ, ಪ್ಲಾಸ್ಟಿಕ್ ಬಾಗಿದ ಕಡೆ ಬಿಳಿಚಿದೆಯೇ ನೋಡಿ. ಬೆಲ್ಟು ತೊಳೆಯುವ ಯಂತ್ರಕ್ಕೆ ಹೋಗಿ ಬಂದಿದ್ದರೆ ಅಥವಾ ಬ್ಲೀಚ್ ಕಂಡಿದ್ದರೆ ಅದರ ನೂಲು ಸೋತಿರಬಹುದು. ತಯಾರಕರಿಂದ ಹೊಸ ಬೆಲ್ಟು ತರಿಸಲಾಗದಿದ್ದರೆ ಆ ಸೀಟು ಬೇಡ.