ಟಿಎ ಹಾಕಿದ ಮಾತ್ರಕ್ಕೆ ಪಿಸಿ ಟಿಇ1 ಆಗಲ್ಲ

ರಾಯಚೂರಿನ ಗೆಳೆಯರೇ, ಹಳೇ ಪಿಸಿಯ ಸೀರಿಯಲ್ ಪೋರ್ಟಿಗೆ ಐಎಸ್‌ಡಿಎನ್ (ಡಿಜಿಟಲ್ ಫೋನ್ ಲೈನ್) ಟಿಎ, ಅಂದರೆ ಟರ್ಮಿನಲ್ ಅಡಾಪ್ಟರ್, ಜೋಡಿಸಿದರೆ ಪಿಸಿ ಟಿಇ1 ಆಗುತ್ತದಾ ಎಂದು ಕೇಳಿದ್ದೀರಿ. ಇಲ್ಲ, ಅದು ಟಿಇ2 ಆಗಿಯೇ ಉಳಿಯುತ್ತದೆ. ಟಿಇ ಅಂದರೆ ಲೈನಿನ ತುದಿಯಲ್ಲಿರುವ ಸಾಧನ, ಟರ್ಮಿನಲ್.

ಐಎಸ್‌ಡಿಎನ್ ಭಾಷೆ ಹುಟ್ಟಿನಿಂದಲೇ ಬರುವ ಸಾಧನ ಟಿಇ1. ಡಿಜಿಟಲ್ ಐಎಸ್‌ಡಿಎನ್ ಫೋನ್, ಜಿ4 ಫ್ಯಾಕ್ಸ್ ಇಂಥವು. ಆ ಭಾಷೆ ಬಾರದ್ದು ಟಿಇ2. ಅದಕ್ಕೊಬ್ಬ ದುಭಾಷಿ ಬೇಕಲ್ವಾ, ಅದೇ ಟಿಎ. ಟಿಇ2 ಮತ್ತು ಟಿಎ ನಡುವಿನ ಜಾಗ ಆರ್ ಬಿಂದು. ಟಿಎಯಿಂದ ಮುಂದಕ್ಕೆ ಎಸ್ ಬಿಂದು. ಅಲ್ಲಿಂದ ನೋಡಿದರೆ ಎರಡೂ ಸೇರಿ ಒಂದು ಟಿಇ1 ಇದ್ದಂತೆ ಕಾಣುತ್ತವೆ. ನಿಮ್ಮ ಗೊಂದಲ ಹುಟ್ಟಿದ್ದೇ ಇಲ್ಲಿ ಅನಿಸುತ್ತೆ. ಅದೇ ಪಿಸಿಯೊಳಗೆ ಐಎಸ್‌ಡಿಎನ್ ಕಾರ್ಡ್ ಹಾಕಿದರೆ ಆಗ ಅದು ಟಿಇ1.

ಗಂಗಾವತಿಯ ಒಂದು ರೈಸ್ ಮಿಲ್ ಆಫೀಸಿನಲ್ಲಿ ನಾನೇ ಎಡವಟ್ಟು ಮಾಡಿಕೊಂಡಿದ್ದೆ. ಮಾಮೂಲಿ ಫೋನಿನ ಸಣ್ಣ ಪ್ಲಗ್ಗನ್ನು ಸೀದಾ ಎನ್‌ಟಿ1 ಡಬ್ಬಿಯ (ಹೊರಗಿನ ಲೈನ್ ಬಂದು ಸೇರುವ ಡಬ್ಬಿ) ಎಸ್ ಸಾಕೆಟ್ಟಿಗೆ ಚುಚ್ಚಿದೆ. ಎಂಟು ಪಿನ್ನಿನ ಸಾಕೆಟ್, ಅದರಲ್ಲಿ ಸಣ್ಣ ಪ್ಲಗ್ಗೂ ಕೂರುತ್ತದೆ! ರಿಸೀವರ್ ಎತ್ತಿದರೆ ಟೋನೇ ಇಲ್ಲ. ಲೈನ್ ಸತ್ತಿದೆ ಅಂತ ಸುಮ್ನೆ ಅರ್ಧ ದಿನ ಕಳೆದೆ. ಆ ಫೋನೂ ಟಿಇ2 ತಾನೇ. ಟಿಎಯ ಅನಲಾಗ್ ಪೋರ್ಟಿಗೆ ಹಾಕಿದ ಮೇಲೆ ಮಾತಾಡಿತು.

ಎನ್‌ಟಿ1 ಟರ್ಮಿನಲ್ ಅಲ್ಲ. ಹೊರಗಿನಿಂದ ಬರುವ ಎರಡು ತಂತಿಯ ಯು ಲೈನನ್ನು ಒಳಗೆ ನಾಲ್ಕು ತಂತಿ ಮಾಡಿ ಕೊಡುತ್ತದೆ, ಅಷ್ಟೇ. ಆ ನಾಲ್ಕು ತಂತಿಯ ಬಸ್ಸಿನಲ್ಲಿ, ಅಂದರೆ ಎಲ್ಲರೂ ಹಂಚಿಕೊಳ್ಳುವ ಲೈನಿನಲ್ಲಿ, 8 ಸಾಧನ ಕೂರಬಹುದು. ಆದರೆ ಮಾತು, ಡೇಟಾ ಹೊರುವ ಬಿ ಚಾನೆಲ್ ಇರುವುದು ಎರಡೇ, ತಲಾ 64 ಕೆಬಿಪಿಎಸ್.