ಜರ್ಮನಿಯ ಪ್ರೊಫೆಸರುಗಳು ಹೊರದೇಶದ ವಿದ್ಯಾರ್ಥಿಗಳಿಗೆ ನೆರವಾಗುತ್ತಾರಾ?

ತಂಗಿ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಓದಲು ಜರ್ಮನಿಗೆ ಹೊರಟಿದ್ದಾಳೆ, ಮಾತು ಕಡಿಮೆ, ಅಲ್ಲಿನ ಮೇಷ್ಟ್ರುಗಳು ಕೈ ಹಿಡಿಯುತ್ತಾರಾ ಅಂತ ಕೇಳಿದ್ದೀರಿ. ಹಿಡಿಯುತ್ತಾರೆ. ಆದರೆ ಬಾಗಿಲು ತಟ್ಟಬೇಕಾದವಳು ಅವಳೇ. ನಾನು ದಾವಣಗೆರೆಯಲ್ಲಿ ಬಿಇ ಮುಗಿಸಿ ಜರ್ಮನಿಯ ಡ್ರೆಸ್ಡೆನ್‌ಗೆ ಓದಲು ಹೋದವಳು. ಕ್ಲಾಸಿನಲ್ಲಿ ನಾನೂ ಬಾಯಿ ಬಿಡುತ್ತಿರಲಿಲ್ಲ.

ಮೊದಲ ದಿನಗಳಲ್ಲಿ ಎಲ್ಲರೂ ನನ್ನನ್ನು ‘ಫ್ರಾವ್ ರುದ್ರಪ್ಪ’, ಅಂದರೆ ‘ಮಿಸ್ ರುದ್ರಪ್ಪ’ ಅಂತ ಕರೆಯುತ್ತಿದ್ದರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿದ್ದೆವು. ಅಪ್ಪನ ಹೆಸರು ಹಿಡಿದು ನನ್ನನ್ನು ಕೂಗಿದಾಗಲೆಲ್ಲ ಒಳಗೊಳಗೇ ಸಂಕಟ. ಸೆಮಿನಾರ್ ನಡೆಸುತ್ತಿದ್ದ ಮೇಡಂ ಒಬ್ಬರು ಮಾತ್ರ, ‘ಮನೆಯಲ್ಲಿ ನಿಮ್ಮನ್ನು ಏನಂತ ಕರೆಯುತ್ತಾರೆ?’ ಅಂತ ಕೇಳಿ, ನಾಲ್ಕೈದು ಸಲ ಹೇಳಿಸಿಕೊಂಡು ಕಲಿತರು. ಆ ದಿನ ರೂಮಿಗೆ ಬಂದು ಅತ್ತಿದ್ದೆ.

ಅವರೇ ಆಮೇಲೆ ಒಂದು ದಿನ ‘ಸ್ಪ್ರೆಕ್‌ಸ್ಟುಂಡೆ’ಗೆ ಬರಲು ಹೇಳಿದರು. ವಿದ್ಯಾರ್ಥಿಗಳು ಬಂದು ಮಾತಾಡಲೆಂದೇ ಪ್ರೊಫೆಸರುಗಳು ಎತ್ತಿಟ್ಟ ಸಮಯ ಅದು. ಯಾಕೆ ಸುಮ್ಮನಿರುತ್ತೀರಿ ಅಂದರು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತ ಬೆಳೆದವಳು ನಾನು ಅಂದೆ. ಅವರು ತಾಳ್ಮೆಯಿಂದ ಕೇಳಿ, ‘ಇಲ್ಲಿ ಸುಮ್ಮನಿದ್ದರೆ ಓದಿಕೊಂಡು ಬಂದಿಲ್ಲ ಅಂತ ಅರ್ಥ. ನನ್ನ ಮಾತು ತಪ್ಪು ಅನ್ನಿಸಿದರೆ ಹೇಳಿ, ಅದು ಅಗೌರವವಲ್ಲ’ ಅಂದರು. ಬರೀ ಧೈರ್ಯ ಹೇಳಿ ಕಳಿಸಲಿಲ್ಲ. ಮುಂದಿನ ವಾರ ಕೇಳುವ ಪ್ರಶ್ನೆಯನ್ನು ಅಲ್ಲೇ ಬರೆದುಕೊಟ್ಟು, ಮೊದಲು ನಿಮ್ಮನ್ನೇ ಕೇಳುತ್ತೇನೆ ಅಂದರು. ಮೂರು ವಾರ ಹೀಗೇ ನಡೆಯಿತು. ನಾಲ್ಕನೇ ವಾರ ಚೀಟಿ ಬೇಕಾಗಲಿಲ್ಲ.

ಗುಂಪುಗಳನ್ನೂ ಅವರೇ ಮಾಡುತ್ತಿದ್ದರು. ನಮಗೇ ಬಿಟ್ಟಿದ್ದರೆ ಇಂಡಿಯಾದವರೆಲ್ಲ ಒಂದೇ ಬೆಂಚು. ನನ್ನ ಮೊದಲ ಪ್ರೆಸೆಂಟೇಷನ್‌ಗೆ ಮುಂಚೆ, ‘ಮುಗಿದ ಮೇಲೆ ಎಲ್ಲರೂ ಮೇಜು ಕುಟ್ಟುತ್ತಾರೆ, ಗಾಬರಿಯಾಗಬೇಡಿ, ಅದೇ ನಮ್ಮ ಚಪ್ಪಾಳೆ’ ಅಂತ ಹೇಳಿಟ್ಟಿದ್ದರು. ಇಂಥ ಸಣ್ಣ ಸಂಗತಿಗಳನ್ನು ಯಾವ ಓರಿಯೆಂಟೇಷನ್ನಿನಲ್ಲೂ ನನಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಹೊಳೆಯುವುದಿಲ್ಲ. ಅದು ಹೊಳೆಯುವವರೇ ಒಳ್ಳೆಯ ಮೇಷ್ಟ್ರು ಅಂತ ನನ್ನ ಅನಿಸಿಕೆ.

ಎಲ್ಲರೂ ಹೀಗಿರುವುದಿಲ್ಲ. ಇನ್ನೊಬ್ಬ ಪ್ರೊಫೆಸರ್ ಎರಡು ವರ್ಷದಲ್ಲಿ ನನ್ನ ಮುಖವನ್ನೂ ಸರಿಯಾಗಿ ನೋಡಿದ್ದಿಲ್ಲ.

ತಂಗಿಗೆ ಇಷ್ಟು ಹೇಳಿ. ವೇಳಾಪಟ್ಟಿಯಲ್ಲಿ ಹೊತ್ತಿನ ಪಕ್ಕ ‘ಸಿ.ಟಿ.’ ಅಂತಿದ್ದರೆ ಕ್ಲಾಸು 15 ನಿಮಿಷ ತಡವಾಗಿ ಶುರು. ಅಲ್ಲಿ ಗ್ರೇಡಿನ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು: 1.0 ಅತ್ಯುತ್ತಮ, 4.0 ಪಾಸು, 5.0 ಫೇಲು, ಅಪ್ಪ ಅಮ್ಮನಿಗೂ ಮೊದಲೇ ತಿಳಿಸಿಡಲಿ. ಪರೀಕ್ಷೆಗೆ ಬೇರೆಯಾಗಿ ಹೆಸರು ನೋಂದಾಯಿಸಬೇಕಾಗಬಹುದು, ಕೊನೆಯ ದಿನ ಯಾವುದು ಅಂತ ವಿಚಾರಿಸಲಿ. ಮೊದಲ ತಿಂಗಳಲ್ಲೇ ಒಬ್ಬ ಪ್ರೊಫೆಸರ್‌ಗೆ ಮೇಲ್ ಬರೆದು ಸ್ಪ್ರೆಕ್‌ಸ್ಟುಂಡೆಗೆ ಹೋಗಲಿ. ಕೇಳಲು ದೊಡ್ಡ ಪ್ರಶ್ನೆಯೇ ಬೇಕೆಂದಿಲ್ಲ, ‘ಇಲ್ಲಿ ಕ್ಲಾಸಿನಲ್ಲಿ ನನ್ನಿಂದ ಏನು ನಿರೀಕ್ಷಿಸುತ್ತೀರಿ?’ ಅಂತ ಕೇಳಿದರೂ ಸಾಕು.