‘ತ್ರೀ ಕಲರ್ಸ್: ಬ್ಲೂ’ ಸಿನಿಮಾದಲ್ಲಿ ದೃಶ್ಯದ ಮಧ್ಯೆ ತೆರೆ ಯಾಕೆ ಕಪ್ಪಾಗುತ್ತದೆ?

ಕಥಾನಾಯಕಿ ಜೂಲಿಯ ಪಾಲಿಗೆ ಆ ಕ್ಷಣ ಕಾಲ ನಿಂತುಬಿಟ್ಟಿದೆ ಅಂತ ತೋರಿಸೋದಕ್ಕೆ. ಸಾಮಾನ್ಯವಾಗಿ ತೆರೆ ಕಪ್ಪಾಗಿ ಮತ್ತೆ ಬೆಳಗಿದರೆ ಸ್ವಲ್ಪ ಹೊತ್ತು ಕಳೆದಿದೆ ಅಂದುಕೊಳ್ಳುತ್ತೇವೆ, ಅಲ್ವಾ? 1993ರ ಈ ಚಿತ್ರದಲ್ಲಿ ನಿರ್ದೇಶಕ ಕೀಸ್ಲೋವ್‌ಸ್ಕಿ ಅದನ್ನು ಉಲ್ಟಾ ಮಾಡಿದ್ದಾರೆ. ಪತ್ರಕರ್ತೆಯೊಬ್ಬಳು ಬಂದು ನಮಸ್ಕಾರ ಅನ್ನುತ್ತಾಳೆ. ತೆರೆ ಕಪ್ಪಾಗಿ ಸಂಗೀತ ಅಪ್ಪಳಿಸುತ್ತದೆ. ಬೆಳಕು ಬಂದಾಗ ಅದೇ ಜಾಗ, ಅದೇ ಕ್ಷಣ; ಜೂಲಿ ಆಗಷ್ಟೇ ಮರುನಮಸ್ಕಾರ ಹೇಳುತ್ತಾಳೆ.

ಅಪಘಾತದಲ್ಲಿ ಗಂಡ, ಮಗಳು ಇಬ್ಬರನ್ನೂ ಕಳೆದುಕೊಂಡವಳು ಅವಳು. ಯಾರ ಸಹವಾಸವೂ ಬೇಡ ಅಂತ ಪ್ಯಾರಿಸ್‌ನಲ್ಲಿ ಒಂಟಿಯಾಗಿರುತ್ತಾಳೆ. ಆದರೆ ಸಂಯೋಜಕನಾಗಿದ್ದ ಗಂಡ ಅರ್ಧಕ್ಕೆ ಬಿಟ್ಟ ಸಂಗೀತ ಬೆನ್ನು ಬಿಡೋದಿಲ್ಲ. ಆ ಕಪ್ಪು ತೆರೆಯ ಮೇಲೆ ನುಗ್ಗೋದೂ ಸಂಗೀತವೇ. ಕೊನೆಗೆ ಅದನ್ನು ಪೂರ್ತಿ ಮಾಡಲು ಕೂತವಳು, ಗಂಡನ ಜೊತೆಗಾರ ಒಲಿವಿಯೇನ ಪ್ರೀತಿಗೂ ಒಪ್ಪುತ್ತಾಳೆ. ಹಿಂದೊಮ್ಮೆ ಅವನು ಎದುರಿಗೆ ಕೂತಿದ್ದಾಗ, ಅವನ ಕಡೆ ಗಮನ ಕೊಡದೆ ಸಕ್ಕರೆ ತುಂಡು ಕಾಫಿ ಹೀರೋದನ್ನೇ ನೋಡುತ್ತಿದ್ದವಳು ಇವಳೇ!